ಐದು ಸಲ ಓಡಿದರೂ ಚೆಂಡು ಅಲ್ಲೇ ಯಾಕೆ?

ಪ್ರಶ್ನೆ: ಸರ್, ನಮಸ್ಕಾರ. ನಾವು ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿದ್ದೇವೆ. ಮಗಳು ಶಾಲೆಯಿಂದ ರಗ್ಬಿ ಲೀಗ್ ಹುಚ್ಚು ಹತ್ತಿಸಿಕೊಂಡು ಬಂದಳು, ಈಗ ನನಗೂ ಅಂಟಿದೆ. ಪ್ಯಾರಮಾಟಾ ಈಲ್ಸ್ ನಮ್ಮ ತಂಡ. 2022ರಲ್ಲಿ ಗ್ರ್ಯಾಂಡ್ ಫೈನಲ್ ಆಡಿದ ಈ ತಂಡ 2024ರಲ್ಲಿ 17 ತಂಡಗಳಲ್ಲಿ 15ನೆಯದಾಯಿತು. ಸೋತಿದ್ದಕ್ಕೆ ಸಿಟ್ಟಿಲ್ಲ. ಸೋಲುವ ರೀತಿಗೆ ಸಿಟ್ಟು. ಚೆಂಡು ಸಿಕ್ಕಾಗ ಐದು ಸಲ ನುಗ್ಗುತ್ತಾರೆ, ಐದು ಸಲವೂ ಅಲ್ಲೇ ಬೀಳುತ್ತಾರೆ, ಆಮೇಲೆ ಒದ್ದು ಎದುರಿನವರಿಗೆ ಕೊಡುತ್ತಾರೆ. ಮುಂದಕ್ಕೆ ಹೋಗುವುದೇ ಇಲ್ಲ. ಇನ್ನೂ ದಪ್ಪ ಆಟಗಾರರನ್ನು ತರಬೇಕಾ? ಕೋಚ್ ಬದಲಾಯಿಸಿದರೆ ಇದು ಸರಿಹೋಗುತ್ತಾ? ಮಗಳು ಮಾತ್ರ “ರಕ್ ಸ್ಲೋ ಅಪ್ಪ, ಅಷ್ಟೇ” ಅನ್ನುತ್ತಾಳೆ. ಹಾಗಂದರೇನು ಅಂತ ಅವಳನ್ನು ಕೇಳಲು ಮುಜುಗರ.

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಮುಜುಗರವೇನೂ ಬೇಡ. ಹುಟ್ಟಿದಾಗಿನಿಂದ ಈ ಆಟ ನೋಡಿದ ಎಷ್ಟೋ ಜನರ ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತದೆ. ಟ್ಯಾಕಲ್ ಆದ ಮೇಲೆ ನೆಲದ ಮೇಲೆ ಏನು ನಡೆಯುತ್ತಿದೆ ಅಂತ ಯಾರೂ ಗಮನಿಸುವುದಿಲ್ಲ. ನಾನೂ ಹಾಗೇ ಇದ್ದೆ. ಹಾಸನದ ಕಾಲೇಜಿನಲ್ಲಿ ಕಬಡ್ಡಿ ಆಡಿಕೊಂಡಿದ್ದವನು ಸಿಡ್ನಿಗೆ ಬಂದೆ. ಮಗನನ್ನು ಮೈದಾನಕ್ಕೆ ಬಿಡಲು ಹೋಗುತ್ತಾ ಹೋಗುತ್ತಾ ಒಂದು ಜೂನಿಯರ್ ಕ್ಲಬ್ಬಿನ ಫಾರ್ವರ್ಡ್ ಹುಡುಗರಿಗೆ, ಅಂದರೆ ಚೆಂಡು ಹಿಡಿದು ನುಗ್ಗುವ ದಪ್ಪ ಹುಡುಗರಿಗೆ, ಹೇಳಿಕೊಡುವವನಾದೆ. ನೆಲದ ಮೇಲಿನ ಆ ಎರಡು ಮೂರು ಸೆಕೆಂಡನ್ನು ನೋಡುವುದು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಒಂದೊಂದು ತಂಡದಲ್ಲಿ 13 ಜನ, ಮೈದಾನ 100 ಮೀಟರ್ ಉದ್ದ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ. ಮುಂದೆ ಹೋಗಬೇಕೆಂದರೆ ಓಡಬೇಕು, ಇಲ್ಲವೇ ಒದೆಯಬೇಕು. ಓಡುವವನನ್ನು ಎದುರಿನವರು ಹಿಡಿದು ಕೆಡವಿದರೆ ಅದು ಒಂದು ಟ್ಯಾಕಲ್. ಬಿದ್ದವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ. ಇದನ್ನು ಪ್ಲೇ-ದ-ಬಾಲ್ ಅನ್ನುತ್ತಾರೆ, ಅದು ನಡೆಯುವ ಜಾಗವೇ ರಕ್. ಅಲ್ಲಿಂದ ಚೆಂಡು ಎತ್ತಿಕೊಡುವವನು ಹುಕರ್. ಆರನೇ ಟ್ಯಾಕಲ್ ಆಯಿತೆಂದರೆ ಚೆಂಡು ಎದುರಾಳಿಗೆ. ಅದಕ್ಕೇ ಐದು ಸಲ ಓಡಿ, ಆರನೆಯದಕ್ಕೆ ಸಿಕ್ಕಿಬೀಳುವ ಮೊದಲೇ ಚೆಂಡನ್ನು ದೂರ ಒದ್ದುಬಿಡುತ್ತಾರೆ.

ಈ ಮಿತಿ ಮೊದಲಿನಿಂದ ಇರಲಿಲ್ಲ. 1966ರವರೆಗೆ ಸಿಡ್ನಿಯಲ್ಲಿ ಟ್ಯಾಕಲ್‌ಗಳಿಗೆ ಲೆಕ್ಕವೇ ಇಲ್ಲ. ಬಿದ್ದರೂ ಎದ್ದರೂ ಚೆಂಡು ನಿಮ್ಮದೇ. ಸೇಂಟ್ ಜಾರ್ಜ್ ತಂಡ 1956ರಿಂದ 1966ರವರೆಗೆ ಸತತ 11 ವರ್ಷ ಪ್ರಶಸ್ತಿ ಗೆದ್ದದ್ದು ಆ ಕಾಲದಲ್ಲಿ. 1967ರಲ್ಲಿ ನಾಲ್ಕು ಟ್ಯಾಕಲ್‌ಗಳ ಮಿತಿ ಬಂತು, ಸೇಂಟ್ ಜಾರ್ಜ್ ಸರಣಿ ಅದೇ ವರ್ಷ ಮುರಿಯಿತು. 1970ರ ದಶಕದ ಶುರುವಿನಲ್ಲಿ ನಾಲ್ಕು ಹೋಗಿ ಆರಾಯಿತು. ಮಿತಿ ಇಲ್ಲದಾಗ ಓಡಿದವನು ಎರಡೇ ಮೀಟರ್ ಹೋದರೂ ತಲೆ ಹೋಗುತ್ತಿರಲಿಲ್ಲ. ಮಿತಿ ಬಂದ ದಿನದಿಂದ ಒಂದೊಂದು ಮೀಟರಿಗೂ ಬೆಲೆ ಬಂತು.

ಎಷ್ಟು ಬೆಲೆ? ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ತಂಡ ತನ್ನ ಗೋಲ್ ಗೆರೆಯಿಂದ 15 ಮೀಟರ್ ದೂರದಲ್ಲಿ ಚೆಂಡು ಹಿಡಿದು ಹೊರಟಿದೆ ಅಂದುಕೊಳ್ಳೋಣ. ಒಂದೊಂದು ಓಟಕ್ಕೆ 9 ಮೀಟರ್ ಸಿಕ್ಕರೆ ಐದು ಓಟಕ್ಕೆ 45. ಅಂದರೆ 60 ಮೀಟರ್ ಮುಟ್ಟಿದಿರಿ, ಎದುರಾಳಿಯ ಗೆರೆ ಇನ್ನು 40 ಮೀಟರ್ ಅಷ್ಟೇ. ಅಲ್ಲಿಂದ ಮೂಲೆಗೆ ಒದ್ದರೆ ಎದುರಾಳಿ ತನ್ನ ಮನೆಬಾಗಿಲಲ್ಲೇ ಸಿಕ್ಕಿಬೀಳುತ್ತಾನೆ. ಈಗ ಅದೇ ಓಟಕ್ಕೆ 6 ಮೀಟರ್ ಮಾತ್ರ ಸಿಕ್ಕಿತು ಅನ್ನಿ. ಐದು ಓಟಕ್ಕೆ 30. ಇನ್ನೂ ನಿಮ್ಮ ಅರ್ಧದಲ್ಲೇ, 45ರಲ್ಲಿ ಇದ್ದೀರಿ. ಅಲ್ಲಿಂದ 40 ಮೀಟರ್ ಒದ್ದರೂ ಎದುರಿನ ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವವನು, ಆರಾಮಾಗಿ ಹಿಡಿದು 10 ಮೀಟರ್ ಓಡಿಕೊಂಡು ಬರುತ್ತಾನೆ. ಅವನ ತಂಡ 25ರಿಂದ ಹೊರಟು, 9ರ ಲೆಕ್ಕದಲ್ಲಿ ನಿಮ್ಮ ಗೆರೆಗೆ 30 ಮೀಟರ್ ಹತ್ತಿರ ಬಂದು ಒದೆಯುತ್ತದೆ. ನಿಮ್ಮ ಮುಂದಿನ ಸರದಿ ಶುರುವಾಗುವುದು 15ರಿಂದ ಅಲ್ಲ, 5ರಿಂದ. ಓಟಕ್ಕೆ ಮೂರೇ ಮೂರು ಮೀಟರ್ ವ್ಯತ್ಯಾಸ. ಆದರೆ ಅದು ಬಡ್ಡಿ ಸಾಲದ ಹಾಗೆ ಬೆಳೆಯುತ್ತದೆ. ನೀವು “ಮುಂದಕ್ಕೆ ಹೋಗುವುದೇ ಇಲ್ಲ” ಅಂತ ಸಿಟ್ಟಾಗುವ ಹೊತ್ತಿಗೆ ಅಸಲು ಎಂದೋ ಹೋಗಿರುತ್ತದೆ.

ಹಾಗಾದರೆ ಆ ಮೂರು ಮೀಟರ್ ಎಲ್ಲಿ ಹೋಯಿತು? ಎಲ್ಲರೂ ಓಡುವವನನ್ನು ಬೈಯುತ್ತಾರೆ. “ಜೋರಾಗಿ ಓಡೋ!” ಅಂತ ಸ್ಟ್ಯಾಂಡಿನಿಂದ ಕೂಗು ಬರುತ್ತದೆ. ನನ್ನ ಅನುಭವದಲ್ಲಿ ಆ ಮೂರು ಮೀಟರ್ ಕಳೆದುಹೋಗುವುದು ಅವನ ಓಟದಲ್ಲಲ್ಲ. ಅವನಿಗಿಂತ ಮುಂಚೆ ಓಡಿ ಬಿದ್ದನಲ್ಲ, ಅವನು ಏಳುವುದರಲ್ಲಿ.

ಟ್ಯಾಕಲ್ ಆದ ಕೂಡಲೇ ರಕ್ಷಣೆಯವರು 10 ಮೀಟರ್ ಹಿಂದಕ್ಕೆ ಹೋಗಿ ಸಾಲು ಕಟ್ಟಬೇಕು. ಇಬ್ಬರು ಮಾತ್ರ ರಕ್ ಎದುರು ನಿಲ್ಲಬಹುದು, ಅವರಿಗೆ ಮಾರ್ಕರ್ ಅನ್ನುತ್ತಾರೆ. ಬಿದ್ದವನು ಮೂರು ಸೆಕೆಂಡಿನೊಳಗೆ ಎದ್ದು ಚೆಂಡು ಆಡಿದ ಅನ್ನಿ. ಆಗ ರಕ್ಷಣೆಯವರು ಇನ್ನೂ ಹಿಂದೆ ಹಿಂದೆ ಓಡುತ್ತಿರುತ್ತಾರೆ, ಮಾರ್ಕರ್‌ಗಳು ಇನ್ನೂ ಸರಿಯಾಗಿ ಕಾಲೂರಿರುವುದಿಲ್ಲ. ಹಿಂದಕ್ಕೆ ಹೋಗುತ್ತಿರುವವನು ಮುಂದೆ ಬರುತ್ತಿರುವವನನ್ನು ಹಿಡಿಯಬೇಕು. ಗುದ್ದಾಟದಲ್ಲಿ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾಗಿಲ್ಲ. ಅದೇ ಬಿದ್ದವನು ಏಳಲು ನಾಲ್ಕು ಸೆಕೆಂಡು, ಐದು ಸೆಕೆಂಡು ತೆಗೆದುಕೊಂಡ ಅನ್ನಿ. ಸಾಲು ರೆಡಿ, ಉಸಿರು ರೆಡಿ. ಚೆಂಡು ಹೊರಬಂದ ತಕ್ಷಣ ಮೂವರು ಒಟ್ಟಿಗೆ ಮುಂದೆ ನುಗ್ಗಿ ಬರುತ್ತಾರೆ. ನಿಮ್ಮವನು ಬೆಟ್ಟದಂಥ ಆಳಾಗಿದ್ದರೂ 10 ಮೀಟರಿನ ಜಾಗದಲ್ಲಿ ಅವನಿಗೆ ಸಿಗುವುದು 5. ಇದೇ ನಿಮ್ಮ ಮಗಳ “ರಕ್ ಸ್ಲೋ”.

ಎದುರಾಳಿ ಸುಮ್ನೆ ಏಳಲು ಬಿಡುತ್ತಾನಾ? ಇಲ್ಲ. ಮೈಸೂರು ದಸರಾ ಕುಸ್ತಿ ನೋಡಿದ್ದೀರಲ್ಲ? ಅಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆದ್ದ ಹಾಗೆ. ಲೀಗ್‌ನಲ್ಲಿ ಟ್ಯಾಕಲ್ ಮಾಡುವವರ ಗುರಿಯೂ ಅದೇ. ಒಬ್ಬ ಎದೆಗೆ ಬಂದು ಚೆಂಡನ್ನು ಅಪ್ಪಿ ಹಿಡಿಯುತ್ತಾನೆ, ಇನ್ನೊಬ್ಬ ಪಕ್ಕದಿಂದ ತಿರುಚುತ್ತಾನೆ, ಮೂರನೆಯವನು ಕಾಲು ಹಿಡಿದು ಕೆಡವುತ್ತಾನೆ. ಬೆನ್ನ ಮೇಲೆ ಬಿದ್ದವನು ಮೊದಲು ಹೊರಳಬೇಕು, ಆಮೇಲೆ ಮಂಡಿ ಊರಬೇಕು, ಆಮೇಲೆ ಏಳಬೇಕು. ಎರಡು ಸೆಕೆಂಡು ಹೋಯಿತು. ಮೆಲ್ಬರ್ನ್ ಸ್ಟಾರ್ಮ್ ತಂಡ ಕೋಚ್ ಕ್ರೇಗ್ ಬೆಲಮಿ ಅವರ ಕಾಲದಲ್ಲಿ ಕುಸ್ತಿ ಬಲ್ಲ ತರಬೇತುದಾರರನ್ನೇ ಇಟ್ಟುಕೊಂಡು ಈ ಕೆಲಸವನ್ನು ವಿದ್ಯೆಯ ಮಟ್ಟಕ್ಕೆ ಒಯ್ಯಿತು. ಉಳಿದವರು ಮೊದಲು ಬೈದರು, ಆಮೇಲೆ ತಾವೂ ಕಲಿತರು. ಇದು ಅತಿಯಾಗಿ ಆಟ ನಿಧಾನವಾಗುತ್ತಿದೆ ಅಂತ 2020ರಲ್ಲಿ “ಸಿಕ್ಸ್ ಅಗೇನ್” ನಿಯಮ ಬಂತು. ರಕ್‌ನಲ್ಲಿ ಬೇಕಂತಲೇ ತಡ ಮಾಡಿದರೆ ಹೆಚ್ಚಿನ ಸಲ ಪೆನಾಲ್ಟಿ ಬದಲು, ಆಟ ನಿಲ್ಲಿಸದೆ, ಟ್ಯಾಕಲ್ ಲೆಕ್ಕವನ್ನು ರೆಫರಿ ಮತ್ತೆ ಸೊನ್ನೆಗೆ ತರುತ್ತಾರೆ. ಅದರಿಂದ ಆಟದ ವೇಗ ಹೆಚ್ಚಿತು, ನಿಜ. ಆದರೆ ರೆಫರಿ ಲೆಕ್ಕ ಸೊನ್ನೆ ಮಾಡುತ್ತಾರೆ ಅಂತ ಕಾಯುವ ತಂಡ ಕಾಯುತ್ತಲೇ ಇರುತ್ತದೆ.

ಬಿದ್ದವನ ಕೈಯಲ್ಲಿ ಏನಿದೆ? ಇಲ್ಲಿ ನನಗೆ ಕಬಡ್ಡಿ ನೆನಪಾಗುತ್ತದೆ. ನಾಲ್ಕು ಜನ ಹಿಡಿದರೂ ಒಳ್ಳೆಯ ರೈಡರ್ ಸುಮ್ಮನೆ ಬೀಳುವುದಿಲ್ಲ, ಮಧ್ಯಗೆರೆಯ ಕಡೆಗೇ ಬೀಳುತ್ತಾನೆ, ಬೆರಳ ತುದಿ ತಾಗಿದರೂ ಸಾಕು ಅಂತ. ಲೀಗ್‌ನಲ್ಲೂ ಹಿಡಿತಕ್ಕೆ ಸಿಕ್ಕಿದ ಮೇಲೆ ಕಾಲು ಆಡಿಸುತ್ತಾ ಗಳಿಸುವ ಮೀಟರುಗಳನ್ನು ಬೇರೆಯೇ ಎಣಿಸುತ್ತಾರೆ. ಕಬಡ್ಡಿಯಲ್ಲಿ ಗೆರೆ ಮುಟ್ಟಿದರೆ ಮುಗಿಯಿತು, ಇಲ್ಲಿ ಹಾಗಲ್ಲ. ಬೀಳುವಾಗ ಹೊಟ್ಟೆ ಕೆಳಗಾಗಿ, ಮೊಣಕೈ ಮಂಡಿಗಳ ಮೇಲೆ ಬೀಳಬೇಕು. ಹಾಗೆ ಬಿದ್ದರೆ ಒಂದೇ ಚಿಮ್ಮಿಗೆ ಎದ್ದುಬಿಡಬಹುದು. ಹಾಗೆ ಬೀಳಬೇಕಾದರೆ ಟ್ಯಾಕಲ್ ಮಾಡುವವರು ಮೂವರೂ ಒಟ್ಟಿಗೆ ಬಂದು ಎದೆಗೆ ಅಪ್ಪಳಿಸದ ಹಾಗೆ ನೋಡಿಕೊಳ್ಳಬೇಕು. ರಕ್ಷಣೆಯ ಸಾಲಿನ ಹತ್ತಿರ ಬಂದಾಗ ಕೊನೇ ಕ್ಷಣದಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು, ಎದುರಿನವನ ಎದೆಗೆ ಬದಲು ಭುಜಕ್ಕೆ ನುಗ್ಗಬೇಕು. ಆಗ ಗಟ್ಟಿಯಾಗಿ ಹಿಡಿಯುವವನು ಒಬ್ಬನೇ, ಉಳಿದಿಬ್ಬರು ತಡವಾಗಿ ಬರುತ್ತಾರೆ.

ನಾನು ಹೇಳಿಕೊಡುತ್ತಿದ್ದ ಒಂದು 15 ವರ್ಷದೊಳಗಿನವರ ತಂಡದಲ್ಲಿ ನಮ್ಮ ಹುಡುಗರೇ ಎಲ್ಲರಿಗಿಂತ ದಪ್ಪ. ವಾರವಾರ ಸೋಲುತ್ತಿದ್ದೆವು. ದಪ್ಪ ಹುಡುಗರು ಎದುರಿನವನನ್ನೇ ಹುಡುಕಿಕೊಂಡು ಹೋಗಿ ಗುದ್ದುತ್ತಿದ್ದರು, ಬೆನ್ನ ಮೇಲೆ ಬೀಳುತ್ತಿದ್ದರು, ಎಮ್ಮೆ ಕೆಸರಿನಿಂದ ಏಳುವ ಹಾಗೆ ಏಳುತ್ತಿದ್ದರು. ಅವರಿಗೆ ಅದೇ ಗಂಡಸ್ತನ. ಆರು ವಾರ ಬೀಳುವುದನ್ನು ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ. ಪೋಷಕರು ನನ್ನನ್ನು ವಿಚಿತ್ರವಾಗಿ ನೋಡಿದರು. ಆ ಸೀಸನ್‌ನಲ್ಲಿ ನಾವು ಪ್ರಶಸ್ತಿಯನ್ನೇನೂ ಗೆಲ್ಲಲಿಲ್ಲ, ಆದರೆ ನಮ್ಮ ಅರ್ಧದಲ್ಲೇ ಕೊಳೆಯುವುದು ನಿಂತಿತು. ಅದಕ್ಕೇ “ದಪ್ಪ ಆಟಗಾರರನ್ನು ತರಬೇಕಾ” ಅಂದರೆ ನಾನು ಒಂದು ಪ್ರಶ್ನೆ ವಾಪಸ್ ಕೇಳುತ್ತೇನೆ: ಆ ದಪ್ಪ ಮನುಷ್ಯ ಎಷ್ಟು ಬೇಗ ಏಳುತ್ತಾನೆ? ಬ್ರಿಸ್ಬೇನ್ ಬ್ರಾಂಕೋಸ್ ತಂಡದಲ್ಲಿ ಪ್ರಾಪ್ (ನಡುವಿನಲ್ಲಿ ನುಗ್ಗುವ ದಪ್ಪ ಫಾರ್ವರ್ಡ್) ಆಗಿ ಹೆಸರು ಮಾಡಿದ ಪೇನ್ ಹಾಸ್ ದೈತ್ಯ ಅನ್ನುವುದು ಎಲ್ಲರಿಗೂ ಗೊತ್ತು. ನಾನು ಅವನನ್ನು ಮೆಚ್ಚುವುದು ಅದಕ್ಕಲ್ಲ. ಉಳಿದ ಪ್ರಾಪ್‌ಗಳು ಬೆಂಚಿನಲ್ಲಿ ನೀರು ಕುಡಿಯುವ ಹೊತ್ತಿನಲ್ಲೂ ಅವನು ಓಡುತ್ತಿರುತ್ತಾನೆ, ಅದಕ್ಕೆ.

ಈಗ ನಿಮ್ಮ ತಂಡಕ್ಕೆ ಬರೋಣ. 2022ರಲ್ಲಿ ಪೆನ್ರಿತ್ ತಂಡವನ್ನು ಲೀಗ್ ಹಂತದಲ್ಲಿ ಎರಡು ಸಲ ಸೋಲಿಸಿದ್ದು ಇದೇ ಪ್ಯಾರಮಾಟಾ. ಗ್ರ್ಯಾಂಡ್ ಫೈನಲ್‌ನಲ್ಲಿ ಅದೇ ಪೆನ್ರಿತ್‌ಗೆ 28–12ರಲ್ಲಿ ಸೋತಿತು. ನೋವಾಯಿತು, ಆದರೆ ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಹುಕರ್ ರೀಡ್ ಮಹೋನಿ ಬುಲ್‌ಡಾಗ್ಸ್‌ಗೆ ಹೋದ. ಮುನ್ನುಗ್ಗುವ ಐಸಾಯಾ ಪಾಪಾಲಿಇ ವೆಸ್ಟ್ಸ್ ಟೈಗರ್ಸ್ ಸೇರಿದ. ಮರಾಟಾ ನಿಯುಕೊರೆ ನ್ಯೂಜಿಲೆಂಡ್‌ನ ವಾರಿಯರ್ಸ್‌ಗೆ ಹೋದ. ಎಲ್ಲಾ ಒಂದೇ ಬೇಸಿಗೆಯಲ್ಲಿ. ಸಂಬಳಕ್ಕೆ ಮಿತಿ ಇರುವ ಲೀಗ್‌ನಲ್ಲಿ ಚೆನ್ನಾಗಿ ಆಡಿದವರನ್ನೆಲ್ಲ ಉಳಿಸಿಕೊಳ್ಳಲು ಆಗುವುದಿಲ್ಲ. ಯಾರ ತಪ್ಪು ಅಂತ ಬೆರಳು ತೋರಿಸುವುದು ಸುಲಭವಲ್ಲ.

ಫಾರ್ವರ್ಡ್‌ಗಳು ಹೋದದ್ದು ಎಲ್ಲರ ಕಣ್ಣಿಗೂ ಬಿತ್ತು. ನನ್ನನ್ನು ಕೇಳಿದರೆ ಹುಕರ್ ಹೋದದ್ದೇ ದೊಡ್ಡ ನಷ್ಟ. ರಕ್ ಎಷ್ಟೇ ಬೇಗ ಆದರೂ ಚೆಂಡನ್ನು ಎತ್ತುವವನು ಅಲ್ಲಿ ಆ ಹೊತ್ತಿಗೆ ಇರಬೇಕು. ಎತ್ತಿ, ಓಡಿ ಬರುತ್ತಿರುವ ಪ್ರಾಪ್‌ನ ಎದೆಯ ಮುಂದೆ, ಅವನು ವೇಗ ತಗ್ಗಿಸದ ಹಾಗೆ ಕೊಡಬೇಕು. ಅರ್ಧ ಮೀಟರ್ ಹಿಂದೆ ಬಿದ್ದರೂ ಪ್ರಾಪ್ ನಿಂತು ಹಿಡಿಯುತ್ತಾನೆ, ನಿಂತವನನ್ನು ಯಾರು ಬೇಕಾದರೂ ಕೆಡವಬಹುದು. ಮಾರ್ಕರ್ ಮಲಗಿದ್ದಾನೆ ಅಂತ ಕಂಡರೆ ತಾನೇ ನುಗ್ಗಬೇಕು. ಒಂದು ಪಂದ್ಯದಲ್ಲಿ ಹುಕರ್ ಚೆಂಡು ಮುಟ್ಟುವಷ್ಟು ಸಲ ಬೇರೆ ಯಾರೂ ಮುಟ್ಟುವುದಿಲ್ಲ. ಮಹೋನಿ ಜಾಗಕ್ಕೆ ಇಂಗ್ಲೆಂಡಿನ ಅನುಭವಿ ಜಾಶ್ ಹಾಡ್ಸನ್ ಬಂದ. ಕುತ್ತಿಗೆಯ ಗಾಯದಿಂದ 2023ರಲ್ಲೇ ಅವನ ಆಟದ ಬದುಕು ಮುಗಿಯಿತು. ಮುಂದೆ ಹೋಗಲು ಎತ್ತುಗಳು ಬೇಕು, ನಿಜ. ನೊಗ ಕಟ್ಟುವವನೂ ಬೇಕಲ್ಲ!

ಆಟ ನಡೆಸುವ, ಹೆಚ್ಚಾಗಿ ಒದೆಯುವ ಹಾಫ್‌ಬ್ಯಾಕ್ ಮಿಚೆಲ್ ಮೋಸಸ್‌ಗೆ ಜನ ಬೈಯುವುದನ್ನೂ ಕೇಳಿದ್ದೇನೆ. ಅವನ ಕಾಲಿನಂಥ ಕಾಲು ಲೀಗ್‌ನಲ್ಲಿ ಕೆಲವರಿಗೆ ಮಾತ್ರ ಇದೆ. ಆದರೆ ತನ್ನದೇ ಗೆರೆಯಿಂದ 40 ಮೀಟರ್ ದೂರದಲ್ಲಿ, ಇಬ್ಬರು ಮೈಮೇಲೆ ಬೀಳುತ್ತಿರುವಾಗ ಒದೆಯುವುದೇ ಬೇರೆ. ಎದುರಾಳಿಯ ಅರ್ಧದಲ್ಲಿ, ತಲೆ ಎತ್ತಿ ನೋಡಿ ಒದೆಯುವುದೇ ಬೇರೆ. ಹಿಂದಕ್ಕೆ ಹೋಗುತ್ತಿರುವ ಬಸ್ಸಿನ ಡ್ರೈವರನ್ನು “ದಾರಿ ಚೆನ್ನಾಗಿ ಆರಿಸು” ಅಂತ ಬೈದರೆ ಏನು ಬಂತು?

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಮುಂದಕ್ಕೆ ಹೋಗುವ ಕೆಲಸ ಫಾರ್ವರ್ಡ್‌ಗಳದ್ದು ಮಾತ್ರ ಅಂತ ಹೆಸರೇ ಹೇಳುತ್ತದೆ, ಆದರೆ ಈಗಿನ ಆಟ ಹಾಗಿಲ್ಲ. ಆ ಫೈನಲ್‌ನಲ್ಲಿ ನಿಮ್ಮನ್ನು ಸೋಲಿಸಿದ ಪೆನ್ರಿತ್ ತಂಡದಲ್ಲಿ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕ ಸಿಕ್ಕಿದ್ದು ಯಾರಿಗೆ? ಫುಲ್‌ಬ್ಯಾಕ್ ಡಿಲನ್ ಎಡ್ವರ್ಡ್ಸ್‌ಗೆ. ಎಲ್ಲರಿಗಿಂತ ಹಿಂದೆ ನಿಲ್ಲುವವನು. ಎದುರಾಳಿ ಒದ್ದ ಚೆಂಡನ್ನು ಹಿಡಿದು, ದಣಿಯದೆ, ನೇರವಾಗಿ ಸಾಲಿಗೆ ನುಗ್ಗುವವನು. ಪಕ್ಕದಲ್ಲಿ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವನು) ಬ್ರಯನ್ ಟೊಒ, ಗಿಡ್ಡ, ಗಟ್ಟಿ ಆಳು. ಸರದಿಯ ಮೊದಲ ಒಂದೆರಡು ಓಟ ಇವರದ್ದೇ. ಇವರು 10 ಮೀಟರ್ ತಂದು ಬೇಗ ಎದ್ದುಬಿಟ್ಟರೆ, ಪ್ರಾಪ್‌ಗಳಿಗೆ ಹಿಂದೆ ಹೋಗಿ, ಉಸಿರು ಎಳೆದುಕೊಂಡು, ದೂರದಿಂದ ಓಡಿ ಬರಲು ಸಮಯ ಸಿಗುತ್ತದೆ. ಮೂರನೇ ಓಟದ ಹೊತ್ತಿಗೆ ಲಾಕ್ ಅನ್ನುವ ಫಾರ್ವರ್ಡ್ ಜಾಗದಲ್ಲಿ ಆಡುವ ಐಸಾಯಾ ಯೋ ಚೆಂಡು ಹಿಡಿದು ರಕ್ಷಣೆಯ ಸಾಲಿಗೆ ಬರುತ್ತಾನೆ. ಅವನು ತಾನೇ ಓಡುತ್ತಾನಾ, ಪಕ್ಕದವನಿಗೆ ಕೊಡುತ್ತಾನಾ, ಹಿಂದೆ ಹಾಫ್‌ಬ್ಯಾಕ್‌ಗೆ ಬಿಡುತ್ತಾನಾ ಅಂತ ರಕ್ಷಣೆಯವರಿಗೆ ಗೊತ್ತಾಗುವುದಿಲ್ಲ. ಅರ್ಧ ಸೆಕೆಂಡು ಅನುಮಾನ ಬಂದರೆ ಮೂವರು ಸೇರಿ ಹಿಡಿಯುವ ಬದಲು ಇಬ್ಬರೇ ಹಿಡಿಯುತ್ತಾರೆ. 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಹೀಗೇ ಬಂತು ಅಂದರೆ ತಪ್ಪಿಲ್ಲ. ನೋಡಲು ಬೋರ್ ಅನ್ನುವವರಿದ್ದಾರೆ. ನನಗಂತೂ ಅದು ಹೊಲ ಉಳುವುದನ್ನು ನೋಡಿದ ಹಾಗೆ, ಕಣ್ಣಿಗೆ ಹಿತ.

ಬೆಂಚಿನ ವಿಷಯ ಚಿಕ್ಕದಾಗಿ. 2016ರಿಂದ ಒಂದು ಪಂದ್ಯಕ್ಕೆ 8 ಬದಲಾವಣೆ ಮಾತ್ರ. ಮೊದಲ ಪ್ರಾಪ್‌ಗಳು ಸುಮಾರು 20–25 ನಿಮಿಷ ಆಡಿ ಹೊರಬರುತ್ತಾರೆ. ನಿಮ್ಮ ತಂಡ ಜಾರುವುದು ಶುರುವಿನಲ್ಲೇನಾ ಅಥವಾ ಆ 25ನೇ ನಿಮಿಷದ ಆಚೆಗಾ? ಮುಂದಿನ ಸಲ ನೋಡಿ. ಆಚೆಗೆ ಅಂತಾದರೆ ನಿಮ್ಮ ರೋಗ ಮೊದಲ 13ರಲ್ಲಿ ಇಲ್ಲ, ಬೆಂಚಿನಲ್ಲಿದೆ.

ಕೋಚ್ ಬದಲಾವಣೆ? ಅದನ್ನೂ ಮಾಡಿ ನೋಡಿದ್ದಾಯಿತಲ್ಲ. ಬ್ರಾಡ್ ಆರ್ಥರ್ 2014ರಿಂದ ಕೋಚ್ ಆಗಿದ್ದರು, ತಂಡವನ್ನು ಫೈನಲ್‌ಗೆ ಒಯ್ದವರೂ ಅವರೇ. 2024ರ ಮೇ ತಿಂಗಳಲ್ಲಿ ಅವರನ್ನು ಕಳಿಸಿದರು, 2025ರಿಂದ ಜೇಸನ್ ರೈಲ್ಸ್ ಬಂದರು. ರೈಲ್ಸ್ ಸ್ವತಃ ಪ್ರಾಪ್ ಆಗಿ ಆಡಿದವರು, ಮೆಲ್ಬರ್ನ್‌ನಲ್ಲಿ ಬೆಲಮಿ ಅವರ ಸಹಾಯಕರಾಗಿ ಪಳಗಿದವರು. ರಕ್ ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೀಳುವುದನ್ನೂ ಏಳುವುದನ್ನೂ ಮೈಗೆ ಕಲಿಸಲು ಎರಡು ಮೂರು ಸೀಸನ್ ಬೇಕು. ಕೋಚನ್ನು ಒಂದು ಸಭೆಯಲ್ಲಿ ಬದಲಾಯಿಸಬಹುದು. ಹುಕರ್ ಮತ್ತು ಪ್ರಾಪ್ ನಡುವಿನ ಹೊಂದಾಣಿಕೆ ಸಭೆಯಲ್ಲಿ ಬರುವುದಿಲ್ಲ.

ನಿಮ್ಮ ತಂಡ ಕೊನೆಯ ಸಲ ಪ್ರಶಸ್ತಿ ಗೆದ್ದದ್ದು 1986ರಲ್ಲಿ ಅಂತ ನಿಮ್ಮ ಅಕ್ಕಪಕ್ಕದವರು ನೂರು ಸಲ ಹೇಳಿರುತ್ತಾರೆ. ಸ್ಕೋರ್ ಹೇಳಿದ್ದಾರಾ? ಕ್ಯಾಂಟರ್‌ಬರಿ ವಿರುದ್ಧ 4–2. ಎರಡೂ ಕಡೆ ಒಂದೇ ಒಂದು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೂರಿ ಗಳಿಸುವ ಅಂಕ) ಇಲ್ಲ. ಎಲ್ಲಾ ಅಂಕವೂ ಒದ್ದ ಗೋಲುಗಳಿಂದ. ರೇ ಪ್ರೈಸ್, ಪೀಟರ್ ಸ್ಟರ್ಲಿಂಗ್ ಇದ್ದ ತಂಡ, ಚೆಲುವಾಗಿ ಆಡಬಲ್ಲ ತಂಡ, ಆ ದಿನ ಗೆದ್ದದ್ದು ಮೀಟರ್ ಮೀಟರ್ ಹೊಡೆದಾಡಿ. ಆ ದಿನ ಸ್ಟ್ಯಾಂಡಿನಲ್ಲಿ ಕೂತು “ಮುಂದಕ್ಕೆ ಹೋಗುತ್ತಿಲ್ಲ” ಅಂತ ಗೊಣಗಿದವರು ಎಷ್ಟು ಜನ ಇದ್ದರೋ!

ಮುಂದಿನ ಪಂದ್ಯಕ್ಕೆ ಪ್ಯಾರಮಾಟಾ ಸ್ಟೇಡಿಯಂಗೆ ಹೋದಾಗ ನಡುಗೆರೆಯ ಪಕ್ಕದ ದುಬಾರಿ ಸೀಟು ಬೇಡ. ಗೋಲ್ ಕಂಬಗಳ ಹಿಂದೆ, ಮೇಲಿನ ಸಾಲಿನಲ್ಲಿ ಕೂರಿ. ಸಾಲು ಹಿಂದಕ್ಕೆ ಹೋಗುವುದು, ಮುಂದಕ್ಕೆ ನುಗ್ಗುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಮಗಳ ಕೈಗೆ ಫೋನಿನ ಸ್ಟಾಪ್‌ವಾಚ್ ಕೊಡಿ. ಓಡುವವನು ನಿಂತ ಕ್ಷಣಕ್ಕೆ ಒತ್ತಬೇಕು, ಚೆಂಡು ಕಾಲಿನಿಂದ ಹಿಂದಕ್ಕೆ ಉರುಳಿದ ಕ್ಷಣಕ್ಕೆ ನಿಲ್ಲಿಸಬೇಕು. ನೀವು ಬರೆದುಕೊಳ್ಳಿ: ಎಷ್ಟು ಸೆಕೆಂಡು, ಹೊಟ್ಟೆ ಮೇಲೆ ಬಿದ್ದನಾ ಬೆನ್ನ ಮೇಲಾ, ಅದರ ಮುಂದಿನ ಓಟಕ್ಕೆ ಎಷ್ಟು ಮೀಟರ್ ಸಿಕ್ಕಿತು. ಎರಡೂ ತಂಡದ್ದು. ಮೊದಲ ಅರ್ಧ ಸಾಕು, ಇಡೀ ಪಂದ್ಯ ಬರೆದರೆ ಆಟ ನೋಡುವುದು ತಪ್ಪಿಹೋಗುತ್ತದೆ. ಹಾಳೆಯ ಫೋಟೋ ತೆಗೆದು ನನಗೆ ಕಳಿಸಿ. 25ನೇ ನಿಮಿಷ ಆದ ಮೇಲಿನ ಸಾಲುಗಳಿಗೆ ಬೇರೆ ಬಣ್ಣದ ಪೆನ್ನು ಬಳಸಿ.